ಒಂದು ‘ಸ್ವಲ್ಪ’ಕ್ಕೆ ನಾಲ್ಕು ಇಂಗ್ಲಿಷ್

ಸ್ವಲ್ಪ ಹಾಲು, ಸ್ವಲ್ಪ ಜನ, ಸ್ವಲ್ಪ ದಿನ: ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಮಾತು ಸಾಕು. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಫ್ಯೂ, ಎ ಫ್ಯೂ, ಲಿಟಲ್, ಎ ಲಿಟಲ್ ಎಂದು ನಾಲ್ಕು ನಿಂತಿವೆ.

ಮೊದಲು ಎಣಿಸಿ ನೋಡಿ. ನಾಮಪದಕ್ಕೆ ಮೊದಲು ‘ತ್ರೀ’ ಸೇರಿಸಿ. ‘ತ್ರೀ ಚೇರ್ಸ್’ ಸರಿ, ಅಲ್ಲಿಗೆ ಫ್ಯೂ, ಮೆನಿ. ‘ತ್ರೀ ರೈಸಸ್’ ಆಗದು, ಅಲ್ಲಿಗೆ ಲಿಟಲ್, ಮಚ್. ಈ ಪರೀಕ್ಷೆ ಇಂಗ್ಲಿಷ್ ಪದಕ್ಕೇ ಆಗಬೇಕು, ಅದರ ಕನ್ನಡ ಅರ್ಥಕ್ಕಲ್ಲ. ನಾವು ಸಲಹೆಗಳು, ಮಾಹಿತಿಗಳು, ಸಾಮಾನುಗಳು ಎನ್ನುತ್ತೇವೆ. ಅಡ್ವೈಸ್, ಇನ್ಫರ್ಮೇಶನ್, ಲಗೇಜ್ ಎಂಬವಕ್ಕೆ ಅಲ್ಲಿ ಬಹುವಚನವಿಲ್ಲ. ‘ಮೆನಿ ಇನ್ಫರ್ಮೇಶನ್ಸ್’ ಎಂಬ ತಪ್ಪು ಹುಟ್ಟುವುದು ಹೀಗೆ. ಎಣಿಸಲೇಬೇಕಿದ್ದರೆ ‘ಟೂ ಪೀಸಸ್ ಆಫ್ ಅಡ್ವೈಸ್’. ದುಡ್ಡಿನದು ಇನ್ನೂ ತಮಾಷೆ: ‘ಹೌ ಮೆನಿ ರುಪೀಸ್’, ಆದರೆ ‘ಹೌ ಮಚ್ ಮನಿ’.

ನಿಜವಾದ ಪೆಟ್ಟು ಬೀಳುವುದು ಆ ಪುಟ್ಟ ‘ಎ’ ಬಿಟ್ಟಾಗ. ‘ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್ ಇನ್ ಮೈಸೂರು’ ಎಂದರೆ ಮೈಸೂರಲ್ಲಿ ನಾಲ್ಕಾರು ಗೆಳೆಯರಿದ್ದಾರೆ. ‘ಎ’ ತೆಗೆದರೆ, ಗೆಳೆಯರು ಅಂತ ಇರುವುದೇ ಕಡಿಮೆ. ಕೆಲಸದ ಅರ್ಜಿಯಲ್ಲಿ ‘ಐ ಹ್ಯಾವ್ ಲಿಟಲ್ ಎಕ್ಸ್‌ಪೀರಿಯನ್ಸ್’ ಎಂದು ಬರೆದವರು ಹೇಳಹೊರಟಿದ್ದು ‘ಅಷ್ಟಿಷ್ಟು ಅನುಭವ ಉಂಟು’ ಎಂದು. ಓದುವವರಿಗೆ ಕೇಳುವುದು ‘ಅನುಭವ ಇಲ್ಲವೆಂದೇ ಇಟ್ಟುಕೊಳ್ಳಿ’ ಎಂದು. ವಾಕ್ಯ ಮನಸ್ಸಿನಲ್ಲಿ ‘ಉಂಟು’ ಎಂದು ಮುಗಿದರೆ ‘ಎ’ ಹಾಕಿ, ‘ಸಾಲದು’ ಎಂದು ಮುಗಿದರೆ ಬಿಡಿ. ‘ಓನ್ಲಿ’ ಬಂದರೆ ಮಾತ್ರ ಕೊರತೆಯ ಅರ್ಥದಲ್ಲೂ ‘ಎ’ ಬೇಕೇ ಬೇಕು: ‘ಓನ್ಲಿ ಎ ಫ್ಯೂ’. ಇನ್ನು ‘ಕ್ವೈಟ್ ಎ ಫ್ಯೂ’ ಎಂದರೆ ಸ್ವಲ್ಪವಲ್ಲ, ಸಾಕಷ್ಟು!

ಫ್ಯೂವರ್, ಲೆಸ್ ಕೂಡ ಇದೇ ದಾರಿಯವು: ‘ಫ್ಯೂವರ್ ಬಸಸ್’, ‘ಲೆಸ್ ಟ್ರಾಫಿಕ್’. ದೂರ, ಹೊತ್ತು, ಹಣ ಬಂದಾಗ ಅಂಕಿ ಇದ್ದರೂ ಲೆಸ್ಸೇ ಸರಿ, ‘ಲೆಸ್ ದ್ಯಾನ್ 10 ಕಿಲೋಮೀಟರ್ಸ್’. ಅಲ್ಲಿ ಹತ್ತನ್ನು ಬಿಡಿಬಿಡಿಯಾಗಿ ನೋಡದೆ ಒಂದೇ ಅಳತೆಯಾಗಿ ನೋಡುತ್ತಾರೆ. ಎಣಿಸುವ ವಸ್ತುಗಳಿಗೆ ಫ್ಯೂವರ್ ಚೆನ್ನ ಎಂದು 1770ರಲ್ಲಿ ರಾಬರ್ಟ್ ಬೇಕರ್ ಎಂಬ ಇಂಗ್ಲಿಷ್ ಲೇಖಕ ಬರೆದದ್ದು ತನ್ನ ಅಭಿರುಚಿಯನ್ನು. ಆಮೇಲಿನವರು ಅದನ್ನೇ ನಿಯಮ ಮಾಡಿದರು. ಮಾತಿನಲ್ಲಿ ‘ಲೆಸ್ ಬಸಸ್’ ಇಂಗ್ಲಿಷರ ಬಾಯಲ್ಲೂ ಕೇಳುತ್ತದೆ, ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ.

‘ಐ ಹ್ಯಾವ್ ಮಚ್ ವರ್ಕ್’ ವ್ಯಾಕರಣಕ್ಕೆ ತಪ್ಪಲ್ಲ, ಕಿವಿಗೆ ಬಿರುಸು. ಮಚ್ ಹೊಂದುವುದು ಪ್ರಶ್ನೆಗೆ, ‘ಇಲ್ಲ’ಕ್ಕೆ. ಉಳಿದೆಡೆ ‘ಎ ಲಾಟ್ ಆಫ್’ ಹಾಕಿ. ಅದು ಚೇರಿಗೂ ಆಗುತ್ತದೆ, ರೈಸಿಗೂ ಆಗುತ್ತದೆ.