ಹಳೇ ಫೋಟೋ ಹಿಂದೆ ಹೆಸರು ಬರೆಯೋಕೆ ಪೆನ್ನು ಬೇಡ
ನಿವೃತ್ತಿಯಾದ ಮೇಲೆ ಹಳೇ ಫೋಟೋಗಳ ಡಬ್ಬ ಬಿಚ್ಚಿ ಕೂತವರು ಹೆಸರು ಬರೆಯಲು 4ಬಿ ಅಥವಾ 6ಬಿ ಮೆತ್ತನೆ ಪೆನ್ಸಿಲ್ ಹಿಡಿಯಿರಿ. ಬಾಲ್‌ಪೆನ್ ಒತ್ತಿದ ಗೆರೆ ಮುಂಬದಿಗೆ ಉಬ್ಬಿ ಕಾಣುತ್ತದೆ, ಶಾಯಿ ಪಕ್ಕದ ಫೋಟೋಗೂ ಅಂಟುತ್ತದೆ. ಫೋಟೋ ಮಗುಚಿ, ಗಟ್ಟಿಯಾದ ನುಣುಪು ಜಾಗದ ಮೇಲಿಟ್ಟು, ಮುಖಗಳ ಹಿಂದೆ ಬಿಟ್ಟು ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಬರೀ 'ಅಜ್ಜಿ' ಅಂತ ಬರೆದರೆ ಮೊಮ್ಮಕ್ಕಳ ಕಾಲಕ್ಕೆ ಯಾರ ಅಜ್ಜಿ ಅನ್ನೋ ಜಗಳ ಶುರು! ಪೂರ್ತಿ ಹೆಸರು, ಊರು, ವರ್ಷ ಹಾಕಿ. ವರ್ಷ ಅಂದಾಜಾದರೆ ಪಕ್ಕಕ್ಕೊಂದು ಪ್ರಶ್ನೆ ಚಿಹ್ನೆ. ಕಾಗದದ ಬೆನ್ನಿನ ಕಪ್ಪುಬಿಳುಪು ಫೋಟೋಗಳಿಗಷ್ಟೇ ಇದು ನಡೆಯುತ್ತದೆ. 1970ರ ದಶಕದ ನಂತರದ ಬಹುತೇಕ ಬಣ್ಣದ ಪ್ರಿಂಟ್‌ಗಳ ಬೆನ್ನಿಗೆ ಪ್ಲಾಸ್ಟಿಕ್ ಲೇಪವಿದ್ದು ಪೆನ್ಸಿಲ್ ಹಿಡಿಯುವುದಿಲ್ಲ. ಅಂಥವಕ್ಕೆ ಕಾಗದದ ಲಕೋಟೆ ಮಾಡಿ. ಫೋಟೋ ಒಳಗಿಡುವ ಮೊದಲೇ ಲಕೋಟೆಯ ಮೇಲೆ ಬರೆದುಬಿಡಿ.