ಆಲ್ಫಾ7 ಜೀನ್: ಯಾವ ಪ್ರತಿ ಅಂತ ಮೊದಲು ಗೊತ್ತಾಗಬೇಕು

ನಿಕೋಟಿನಿಕ್ ರಿಸೆಪ್ಟರ್ (ಕೋಶದ ಪೊರೆಯಲ್ಲಿ ಕೂತು ಸಂಕೇತ ಹಿಡಿಯುವ ಪ್ರೋಟೀನ್) ಜೀನ್‌ಗಳ ಸೀಕ್ವೆನ್ಸ್ ಡೇಟಾ ನೋಡುವುದು ನನ್ನ ಕೆಲಸ. ಇವುಗಳಲ್ಲಿ ನನ್ನ ಸಮಯ ಜಾಸ್ತಿ ಹಿಡಿಯುವುದು ಆಲ್ಫಾ7, ಅಂದರೆ ಸಿಎಚ್‌ಆರ್‌ಎನ್‌ಎ7. ಎಕ್ಸೋಮ್ (ಜೀನ್‌ಗಳಲ್ಲಿ ಪ್ರೋಟೀನ್‌ನ ಸಂಕೇತ ಇರುವ ಭಾಗಗಳನ್ನಷ್ಟೇ ಓದುವ ಪರೀಕ್ಷೆ) ರಿಪೋರ್ಟ್‌ನಲ್ಲಿ ಈ ಜೀನ್ ಎದುರು 'ಬದಲಾವಣೆ ಇಲ್ಲ' ಅಂತ ಬಂದರೆ ನಾನು ಅದನ್ನು ಹಾಗೇ ಒಪ್ಪಿಕೊಳ್ಳುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಹಿನ್ನೆಲೆ ಇಷ್ಟೇ. ಸಬ್‌ಯೂನಿಟ್ ಅನ್ನುವ ಐದು ಪ್ರೋಟೀನ್ ತುಂಡುಗಳು ಸೇರಿ ಒಂದು ರಿಸೆಪ್ಟರ್ ಆಗುತ್ತದೆ, ಒಂದೊಂದು ಬಗೆಯ ಸಬ್‌ಯೂನಿಟ್‌ಗೆ ಒಂದೊಂದು ಜೀನ್. ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅಥವಾ ನಿಕೋಟಿನ್ ಬಂದು ಅಂಟಿದರೆ ನಡುವಿನ ದಾರಿ ತೆರೆದು ಅಯಾನುಗಳು ಹರಿಯುತ್ತವೆ. ಸ್ನಾಯುವಿನವು ಬಿಟ್ಟರೆ ಮನುಷ್ಯರಲ್ಲಿ ಆಲ್ಫಾ2ರಿಂದ 7, ಆಲ್ಫಾ9, ಆಲ್ಫಾ10, ಬೀಟಾ2ರಿಂದ 4, ಹೀಗೆ 11 ಜೀನ್‌ಗಳಿವೆ. ಆಲ್ಫಾ8 ಕೋಳಿಗಳಲ್ಲಿದೆ, ನಮ್ಮಲ್ಲಿಲ್ಲ.

ಎಲ್ಲವೂ ಕಷ್ಟವಲ್ಲ. ಆಲ್ಫಾ5ರ ಪ್ರಸಿದ್ಧ ಬದಲಾವಣೆ ಇದೆಯಲ್ಲ, 398ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಸಿಡ್ ಅನ್ನುವ ಅಮೈನೊ ಆಮ್ಲ ಹೋಗಿ ಆಸ್ಪರಾಜಿನ್ ಬರುವುದು, ಜಾಸ್ತಿ ಸಿಗರೇಟ್ ಸೇದುವುದರ ಜೊತೆ ನಂಟಿರುವುದು, ಅದು ಒಂದೇ ಒಂದು ಅಕ್ಷರದ ವ್ಯತ್ಯಾಸ, ಗೊತ್ತಿರುವ ಜಾಗಗಳನ್ನಷ್ಟೇ ನೋಡುವ ಸಾಮಾನ್ಯ ಜೀನೋಟೈಪಿಂಗ್‌ನಲ್ಲೇ ಸಿಗುತ್ತದೆ. ಆಲ್ಫಾ4ರಲ್ಲೂ ಓದುವುದು ಸಲೀಸು. ರಾತ್ರಿ ನಿದ್ದೆಯಲ್ಲಿ ಬರುವ ಒಂದು ಬಗೆಯ ಫಿಟ್ಸ್‌ಗೆ ಅದರಲ್ಲಿನ ಬದಲಾವಣೆ ಕಾರಣ ಅಂತ 1995ರಲ್ಲೇ ಗೊತ್ತಾಗಿತ್ತು.

ಆಲ್ಫಾ7 ಹಾಗಲ್ಲ. ಅದು 15ನೇ ಕ್ರೋಮೋಸೋಮ್‌ನ ಉದ್ದ ತೋಳಿನ 13.3 ಪಟ್ಟಿಯಲ್ಲಿದೆ. ಒಟ್ಟು 10 ಎಕ್ಸಾನ್, ಅಂದರೆ ಪ್ರೋಟೀನ್‌ನ ಸಂಕೇತ ಇರುವ ತುಂಡುಗಳು. ಮನುಷ್ಯರ ವಂಶದಲ್ಲಿ ಯಾವಾಗಲೋ ಇದರ 5ರಿಂದ 10ರವರೆಗಿನ ಎಕ್ಸಾನ್‌ಗಳು ನಕಲಾಗಿ, ಅದೇ ಕ್ರೋಮೋಸೋಮ್‌ನಲ್ಲಿ ಸುಮಾರು 16 ಲಕ್ಷ ಬೇಸ್ (ಡಿಎನ್‌ಎ ಅಕ್ಷರ) ದೂರದಲ್ಲಿ ಬೇರೊಂದು ತುಂಡಿನ ಜೊತೆ ಸೇರಿಕೊಂಡವು. ಆ ಬೆಸುಗೆ ಜೀನ್ ಸಿಎಚ್‌ಆರ್‌ಫ್ಯಾಮ್7ಎ. ಇಲಿಯಲ್ಲಿ ಇದಿಲ್ಲ, ಹಾಗಾಗಿ ಇಲಿಯ ಡೇಟಾದಲ್ಲಿ ಪಳಗಿದವರಿಗೆ ಈ ತೊಡಕು ಎದುರಾಗಿಯೇ ಇರುವುದಿಲ್ಲ.

ನಕಲಾದ ಭಾಗ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಯಂತ್ರ ಓದಿ ಕೊಡುವ 150 ಬೇಸ್‌ನ ಚಿಕ್ಕ ತುಂಡು, ಅಂದರೆ ರೀಡ್, ಎಲ್ಲಿಂದ ಬಂತು ಅಂತ ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ. ಅದು ಮ್ಯಾಪಿಂಗ್ ಕ್ವಾಲಿಟಿ (ಜಾಗ ಸರಿಯಿದೆ ಅನ್ನುವ ಭರವಸೆ) ಸೊನ್ನೆ ಅಂತ ಬರೆಯುತ್ತದೆ, ಮುಂದಿನ ಹಂತದ ಪ್ರೋಗ್ರಾಂ ಆ ರೀಡ್‌ಗಳನ್ನು ಸುಮ್ನೆ ಬಿಟ್ಟುಬಿಡುತ್ತದೆ. ಕೊನೆಗೆ ಕೈಗೆ ಬರುವುದು ಖಾಲಿ ಪಟ್ಟಿ. ಇಲ್ಲಿ ಖಾಲಿ ಅಂದರೆ ಬದಲಾವಣೆ ಇಲ್ಲ ಅಂತಲ್ಲ, ಯಾರೂ ನೋಡಿಲ್ಲ ಅಂತ. ಪೊರೆಯೊಳಗೆ ಕೂರುವ ಭಾಗವೆಲ್ಲ, ಅಂದರೆ ಅಯಾನು ಹರಿಯುವ ದಾರಿಯೇ, ಈ ಎಕ್ಸಾನ್‌ಗಳಲ್ಲಿದೆ ಅನ್ನುವುದು ನೆನಪಿರಲಿ.

ನಾನು ಮಾಡುವುದು ಹೀಗೆ. ಮೊದಲು ಬದಲಾವಣೆ ಹುಡುಕುವುದೇ ಇಲ್ಲ, ಪ್ರತಿಗಳನ್ನು ಎಣಿಸುತ್ತೇನೆ. 1ರಿಂದ 4ರವರೆಗಿನ ಎಕ್ಸಾನ್‌ಗಳು ಮೂಲ ಜೀನ್‌ನಲ್ಲಿ ಮಾತ್ರ ಇವೆ, ಅವುಗಳ ಮೇಲೆ ಒಂದು ಡಿಜಿಟಲ್ ಪಿಸಿಆರ್, ಅಂದರೆ ಪ್ರತಿಗಳನ್ನು ಎಣಿಸುವ ಪರೀಕ್ಷೆ. 5ರಿಂದ 10ರೊಳಗೆ ಇನ್ನೊಂದು, ಅದು ಎರಡೂ ಜೀನ್‌ಗಳ ಒಟ್ಟು ಲೆಕ್ಕ. ಮೊದಲನೆಯದು 2, ಎರಡನೆಯದು 4 ಬಂದರೆ ಬೆಸುಗೆ ಜೀನ್ 2 ಪ್ರತಿ ಇದೆ. ಒಟ್ಟು 3 ಬಂದರೆ ಅದು ಒಂದೇ. ಕೆಲವರಲ್ಲಿ ಅದು ಇರುವುದೇ ಇಲ್ಲ. ಮೊದಲನೆಯ ಲೆಕ್ಕವೇ 1 ಬಂದರೆ ವಿಷಯ ಬೇರೆ: 15ಕ್ಯೂ13.3 ಮೈಕ್ರೋಡಿಲೀಷನ್ (ಕ್ರೋಮೋಸೋಮ್‌ನ ಆ ಪಟ್ಟಿಯ ತುಂಡು ಬಿಟ್ಟುಹೋಗಿರುವುದು) ಇರಬಹುದು, ಅದಕ್ಕೂ ಫಿಟ್ಸ್, ಬುದ್ಧಿ ಬೆಳವಣಿಗೆಯ ತೊಂದರೆ, ಸ್ಕಿಜೋಫ್ರೀನಿಯಾಕ್ಕೂ ನಂಟಿದೆ. ಆಗ ತುಂಡುಗಳು ಹೆಚ್ಚುಕಡಿಮೆಯಾಗಿವೆಯಾ ಅಂತ ತೋರಿಸುವ ಮೈಕ್ರೋಅರೇ ಪರೀಕ್ಷೆ ಮಾಡಿಸದೆ ಮುಂದೆ ಹೋಗುವುದಿಲ್ಲ.

ಇದರ ಜೊತೆ ಬೆಸುಗೆ ಜೀನ್‌ನ 6ನೇ ಎಕ್ಸಾನ್‌ನಲ್ಲಿ 2 ಬೇಸ್ ಬಿಟ್ಟುಹೋಗಿದೆಯಾ ಅಂತಲೂ ನೋಡುತ್ತೇನೆ. ತುಂಬ ಜನರಲ್ಲಿ ಅದು ಇರುತ್ತದೆ. ಅದನ್ನು ಮೂಲ ಜೀನ್‌ನ ಖಾತೆಗೆ ಹಾಕಿದರೆ ಆರೋಗ್ಯವಂತರಿಗೂ ಆಲ್ಫಾ7 ಕೆಟ್ಟಿದೆ ಅಂತ ರಿಪೋರ್ಟ್ ಹೋಗುತ್ತದೆ, ಅಲ್ವಾ?

ಪ್ರತಿಗಳ ಲೆಕ್ಕ ಕೂಡಿದ ಮೇಲೆ ಲಾಂಗ್ ರೀಡ್. ಹತ್ತಾರು ಸಾವಿರ ಬೇಸ್ ಉದ್ದದ ರೀಡ್‌ನಲ್ಲಿ ಎರಡು ಪ್ರತಿಗಳ ಚಿಕ್ಕಪುಟ್ಟ ವ್ಯತ್ಯಾಸಗಳು ಸಾಲಾಗಿ ಸಿಗುತ್ತವೆ, ಆಗ ಯಾವ ಬದಲಾವಣೆ ಯಾರದ್ದು ಅಂತ ಬಿಡಿಸಬಹುದು. ನರಕೋಶದ ಆರ್‌ಎನ್‌ಎ ಇದ್ದರೆ ಕೆಲಸ ಇನ್ನೂ ಹಗುರ. ಅದರಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡಿ, ನಕಲು ಶುರುವಾಗುವ ಜಾಗ ಹಿಡಿಯುವ ಒಂದು ಪ್ರೈಮರ್ ಅನ್ನು 4ನೇ ಎಕ್ಸಾನ್‌ನಲ್ಲಿ, ಇನ್ನೊಂದನ್ನು 10ರಲ್ಲಿ ಇಟ್ಟರೆ ಮೂಲ ಜೀನ್ ಮಾತ್ರ ಬೆಳೆಯುತ್ತದೆ. ಈ ಹಂತಕ್ಕೆ ರಕ್ತವನ್ನು ನಾನು ನೆಚ್ಚುವುದಿಲ್ಲ. ಬಿಳಿ ರಕ್ತಕಣಗಳಲ್ಲಿ ಬೆಸುಗೆ ಜೀನ್‌ನದ್ದೇ ಸದ್ದು ಜಾಸ್ತಿ.

ಇಷ್ಟು ಕಷ್ಟ ಯಾಕೆ ಅಂತ ಕೇಳುವವರಿದ್ದಾರೆ. ಬೆಸುಗೆ ಜೀನ್‌ನ ಪ್ರೋಟೀನ್‌ಗೆ ಅಸಿಟೈಲ್‌ಕೋಲಿನ್ ಹಿಡಿಯುವ ಜಾಗದ ಒಂದು ಭಾಗವೇ ಇಲ್ಲ. ಕಪ್ಪೆಯ ಮೊಟ್ಟೆಕೋಶಗಳಲ್ಲಿ ಇದನ್ನು ಆಲ್ಫಾ7 ಜೊತೆ ಸೇರಿಸಿ ನೋಡಿದಾಗ ರಿಸೆಪ್ಟರ್‌ನ ಕರೆಂಟ್ ಕುಗ್ಗಿತು. ಅಂದರೆ ಎಷ್ಟು ಪ್ರತಿ ಇವೆ ಅನ್ನುವುದೇ ಒಂದು ಜೈವಿಕ ಮಾಹಿತಿ. ಅದಕ್ಕೇ ನನ್ನ ರಿಪೋರ್ಟ್‌ನ ಮೊದಲ ಸಾಲಿನಲ್ಲಿ ಎರಡೂ ಜೀನ್‌ಗಳ ಪ್ರತಿ ಸಂಖ್ಯೆ ಇರುತ್ತದೆ, ಆಮೇಲೆ ಬದಲಾವಣೆಗಳು. ಯಾವ ಪ್ರತಿಯದ್ದು ಅಂತ ಬಿಡಿಸಲಾಗದ ಬದಲಾವಣೆಯನ್ನು ಯಾವ ಜೀನ್‌ನ ಹೆಸರಿಗೂ ಬರೆಯದೆ ಬೇರೆ ಕಾಲಂನಲ್ಲಿ ಇಡುತ್ತೇನೆ.