ಜಿಯೋಕ್ಯಾಶಿಂಗ್: ಡಬ್ಬಿ ಇಲ್ಲೇ, ಮ್ಯಾಪ್ ಮಾತ್ರ ಚೆಸ್ಟರ್‌ಫೀಲ್ಡ್ ಅಂತಿತ್ತು
ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ, ಹಾಥರ್ಸೇಜ್ ಹತ್ರ ನಾನೂ ನಮ್ಮನೆಯವ್ರೂ ಜಿಯೋಕ್ಯಾಶಿಂಗ್‌ಗೆ, ಅಂದ್ರೆ ಬೇರೆಯವ್ರು ಬಚ್ಚಿಟ್ಟ ಡಬ್ಬಿನ (ಅದಕ್ಕೆ ಕ್ಯಾಶ್ ಅಂತಾರೆ) ಜಿಪಿಎಸ್ ನೋಡ್ಕೊಂಡು ಹುಡುಕೋ ಆಟಕ್ಕೆ ಹೋಗಿದ್ವಿ. ನಮ್ದು ಮಲ್ಟಿ ಕ್ಯಾಶ್, ಒಂದು ಡಬ್ಬಿ ಮುಂದಿನದರ ಜಾಗ ಹೇಳುತ್ತೆ. ಮೊದಲನೇ ಡಬ್ಬಿ ಆರಾಮಾಗಿ ಸಿಕ್ತು, ಒಳಗಿದ್ದ ಚೀಟಿಲಿ ಮುಂದಿನ ಜಾಗ ಉತ್ತರ 53° 20.750, ಪಶ್ಚಿಮ 1° 39.300 ಅಂತ ಇತ್ತು (ಅಸಲಿ ನಂಬರ್ ಅಲ್ಲ, ಬೇರೆಯವ್ರ ಆಟ ಕೆಡಿಸ್ಬಾರ್ದಲ್ಲ), ಫೋನಿನ ಮ್ಯಾಪ್ ಅದನ್ನ 53.20750, -1.39300 ಅಂತ ತಗೊಂಡು 20 ಕಿ.ಮೀ.ಗಿಂತ ದೂರ ಚೆಸ್ಟರ್‌ಫೀಲ್ಡ್ ಪಕ್ಕ ಪಿನ್ ನೆಡ್ತು!

ವಿಷ್ಯ ಏನಪ್ಪಾ ಅಂದ್ರೆ ಕ್ಯಾಶ್ ಇಡೋರು ಬರೆಯೋದು ಡಿಗ್ರಿ ಮತ್ತೆ ಮಿನಿಟ್‌ನಲ್ಲಿ, ನಮ್ಮ ಮ್ಯಾಪ್ ಓದಿದ್ದು ಬರೀ ದಶಮಾಂಶ ಡಿಗ್ರಿ ಅಂತ. 60 ಮಿನಿಟ್‌ಗೆ ಒಂದು ಡಿಗ್ರಿ, ಹಾಗಾಗಿ 20.750ನ 60ರಿಂದ ಭಾಗಿಸಿ 53ಕ್ಕೆ ಸೇರಿಸಿ, 53.3458 ಬರುತ್ತೆ. 39.300 ಹಂಗೇ ಮಾಡಿದ್ರೆ 1.655, ಪಶ್ಚಿಮ ಆದ್ರಿಂದ ಮುಂದೆ ಮೈನಸ್ ಬೇಕೇ ಬೇಕು, ಇಲ್ಲಾಂದ್ರೆ ಸೀದಾ ಸಮುದ್ರಕ್ಕೆ ಹೋಗ್ತೀರ. ಹಾಕಿದ ತಕ್ಷಣ ಪಿನ್ ನಮ್ಮ ಪಕ್ಕದ ಹೊಲಕ್ಕೇ ಬಂತು.

ಮರದಡಿ ಜಿಪಿಎಸ್ ಹತ್ತು ಮೀಟರ್ ಆಕಡೆ ಈಕಡೆ ಓಡಾಡುತ್ತೆ, ಅಲ್ಲಿ ಫೋನ್ ಜೇಬಿಗಿಟ್ಟು ಕಣ್ಣು ಬಿಡಿ. ನಮಗೆ ಸಿಕ್ಕಿದ್ದು ಬೇರಿನ ಸಂದಿಲಿ, ಪಾಚಿ ಹಿಡಿದ ಚಪ್ಪಟೆ ಕಲ್ಲಿನ ಹಿಂದೆ. ಅಲ್ಲಿನ ಕಲ್ಲಿನ ಗೋಡೆ ಮಾತ್ರ ಕೀಳಬೇಡಿ, ಗಾರೆ ಇಲ್ದೆ ಕಟ್ಟಿರೋದು, ಒಂದು ಎಳೆದ್ರೆ ಪೂರ್ತಿ ಬೀಳುತ್ತೆ. ಪೆನ್ಸಿಲ್ ಒಯ್ಯಿರಿ, ಡಬ್ಬಿಲಿರೋ, ಸಿಕ್ಕವ್ರು ಹೆಸರು ಬರೆಯೋ ಲಾಗ್‌ಬುಕ್ ಒದ್ದೆಯಾಗಿದ್ರೆ ಅದರ ಮೇಲೆ ಪೆನ್ನು ಬರೆಯಲ್ಲ.